ಹುಳ ಇದ್ದಲ್ಲಿ ಹಕ್ಕಿ: ಮಲೆನಾಡಿನ ಹಿತ್ತಿಲನ್ನು ವರ್ಷವಿಡೀ ನೋಡುವ ಬಗೆ

ಹಕ್ಕಿ ನೋಡುವುದನ್ನು ಕಲಿಯಬೇಕು ಅನ್ನುವವರು ಮೊದಲು ಕೇಳುವುದು ಯಾವ ಕಾಡಿಗೆ ಹೋದರೆ ಒಳ್ಳೆಯದು ಅಂತ. ಹಿತ್ತಿಲ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತುಕೊಳ್ಳಿ ಅನ್ನುತ್ತೇನೆ ನಾನು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಹಿಂದೆ ಇರುವುದು ಒಂದು ಬಾವಿ, ಬಚ್ಚಲ ನೀರು ಕುಡಿದು ಬೆಳೆದ ನಾಲ್ಕು ಬಾಳೆ, ಕರಿಬೇವು, ಎರಡು ನಿಂಬೆ ಗಿಡ, ದಾಸವಾಳದ ಸಾಲು, ಗೊಬ್ಬರ ಗುಂಡಿ, ಅದರಾಚೆ ಅಡಿಕೆ ತೋಟ. ನವರಂಗ, ರಾಜಹಕ್ಕಿ, ನಮ್ಮ ರಾಜ್ಯದ ನಾಡಚಿಟ್ಟೆ, ಇವನ್ನೆಲ್ಲ ನಾನು ಮೊದಲ ಸಲ ಕಂಡದ್ದು ಇಷ್ಟರೊಳಗೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹಕ್ಕಿ ಹುಡುಕಲು ಹೋಗಬೇಡಿ, ಹುಳ ಹುಡುಕಿ. ಹಕ್ಕಿಯ ಬೆನ್ನು ಹತ್ತಿದರೆ ಅದು ಹಾರಿಹೋಗುತ್ತದೆ. ಹುಳ ಎಲ್ಲಿದೆ ಅಂತ ಗೊತ್ತಿದ್ದು ಅಲ್ಲಿ ಸುಮ್ಮನೆ ಕೂತರೆ ಹಕ್ಕಿ ತಾನಾಗಿ ಬರುತ್ತದೆ. ಕಾಳು ತಿನ್ನುವ ಗೀಜಗ, ಮಕರಂದ ಹೀರುವ ಸೂರಕ್ಕಿ ಕೂಡ ಮರಿಗಳಿಗೆ ಗುಟುಕು ಕೊಡುವುದು ಹುಳವನ್ನೇ. ಹಾಗಾಗಿ ಈ ಬರಹದಲ್ಲಿ ಪ್ರತಿ ಕಾಲಕ್ಕೂ ಮೊದಲು ಹುಳ ಬರುತ್ತದೆ, ಹಿಂದೆಯೇ ಹಕ್ಕಿ.

ಜಾಗ, ಹೊತ್ತು, ಗೋಡೆಯ ಕ್ಯಾಲೆಂಡರ್

ದಿನಾ ಒಂದೇ ಜಾಗ, ಹೆಚ್ಚುಕಮ್ಮಿ ಒಂದೇ ಹೊತ್ತು, ಇಪ್ಪತ್ತು ನಿಮಿಷ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಆದರೆ ಒಳ್ಳೆಯದು. ಬೆನ್ನಿಗೆ ಗೋಡೆ ಇರಲಿ, ಬಿಸಿಲು ನಿಮ್ಮ ಹಿಂದಿನಿಂದ ಬರಲಿ. ಎದುರು ಬಿಸಿಲಿಗೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಮೊದಲ ಐದು ನಿಮಿಷ ಏನೂ ಕಾಣದಿದ್ದರೆ ಏಳಬೇಡಿ. ನೀವು ಬಾಗಿಲು ತೆಗೆದ ಸದ್ದಿಗೆ ಅಡಗಿದವು ಮತ್ತೆ ಹೊರಗೆ ಬರಲು ಅಷ್ಟು ಹೊತ್ತು ಬೇಕು. ಕಾಫಿ ಲೋಟ ಹಿಡಿದು ಕೂತರೆ ಕೈ ಸುಮ್ಮನಿರುತ್ತದೆ. ಫೋನು ಹಿಡಿದು ಕೂತರೆ ಕಣ್ಣು ಕೆಳಗೆ ಹೋಗುತ್ತದೆ.

ಬರೆದಿಡಲು ಅಡುಗೆಮನೆ ಗೋಡೆಯ ಕ್ಯಾಲೆಂಡರೇ ಸಾಕು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಆ ಚೌಕದಲ್ಲೇ ‘ಕಂಬಿ ಮೇಲೆ ಕಾಜಾಣ, ಚಿಟ್ಟೆ ಹಿಡಿಯಿತು’ ಅಂತ ಒಂದು ಸಾಲು. ಏನು, ಎಲ್ಲಿ, ಏನು ಮಾಡುತ್ತಿತ್ತು ಎಂಬ ಮೂರು ಸಂಗತಿ ಇದ್ದರೆ ಆಯಿತು. ಹೆಸರು ಗೊತ್ತಿಲ್ಲದಿದ್ದರೆ ‘ಪಿಕಳಾರದಷ್ಟು ದೊಡ್ಡದು, ಹೊಟ್ಟೆ ಹಳದಿ, ನೆಲದಲ್ಲೇ ಓಡಾಡಿತು’ ಅಂತ ಬರೆಯಿರಿ. ಗಾತ್ರವನ್ನು ಗುಬ್ಬಿ, ಪಿಕಳಾರ, ಕಾಗೆ ಈ ಮೂರಕ್ಕೆ ಹೋಲಿಸಿ ಹೇಳುವುದು ರೂಢಿಯಾದರೆ ಆಮೇಲೆ ಯಾವ ಪುಸ್ತಕದಲ್ಲಾದರೂ ಹುಡುಕಿ ತೆಗೆಯಬಹುದು. ದನಿ ಕೇಳಿ ಹೆಸರು ಸೂಚಿಸುವ ಮರ್ಲಿನ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದು ಹೇಳಿದ್ದನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಬರೆದುಕೊಳ್ಳಿ.

ಕ್ಯಾಲೆಂಡರ್ ಯಾಕೆಂದರೆ, ನಮ್ಮ ಕಡೆಯ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರ ಅಚ್ಚಾಗಿರುತ್ತದೆ. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 7–8ಕ್ಕೆ ಮೃಗಶಿರ, 21–22ಕ್ಕೆ ಆರಿದ್ರಾ, ಹೀಗೆ ಹದಿಮೂರು–ಹದಿನಾಲ್ಕು ದಿನಕ್ಕೊಂದು ಮಳೆ. ಹುಳಗಳ ಬದುಕು ನಡೆಯುವುದು ಈ ಲೆಕ್ಕದಲ್ಲಿ. ಆದರೆ ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿದರೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಹೊಸನಗರದವರ ಪಟ್ಟಿಗೂ ಭದ್ರಾವತಿಯವರ ಪಟ್ಟಿಗೂ ಹೊಂದಿಕೆ ಆಗಲಿಕ್ಕಿಲ್ಲ. ನಾನು ಹೇಳುವ ತಿಂಗಳುಗಳನ್ನು ಒಂದೆರಡು ವಾರ ಹಿಂದೆ ಮುಂದೆ ಮಾಡಿಕೊಳ್ಳಿ.

ಬೈನಾಕ್ಯುಲರ್ ಮೊದಲ ಆರು ತಿಂಗಳು ಬೇಡ. ಆಮೇಲೆ ತೆಗೆದುಕೊಳ್ಳುವುದಾದರೆ 8×42 ಅಂತ ಬರೆದದ್ದು ತೆಗೆದುಕೊಳ್ಳಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಮಿಲಿಮೀಟರ್ ಅಗಲದ ಗಾಜು ಇರುವುದರಿಂದ ತೋಟದ ಮಬ್ಬಿನಲ್ಲೂ ಬೆಳಕು ಸಾಕಾಗುತ್ತದೆ. ಹುಳಕ್ಕೆ ಒಂದು ಭೂತಗನ್ನಡಿ ಇರಲಿ. ಅದನ್ನು ಮಾತ್ರ ಮೊದಲ ದಿನವೇ ತನ್ನಿ.

ಮೊದಲು ಎಂಟು ದನಿ

ಮಲೆನಾಡಿನಲ್ಲಿ ಮರ ದಟ್ಟ, ಕಣ್ಣಿಗಿಂತ ಮುಂಚೆ ಕಿವಿಗೆ ಸಿಗುತ್ತದೆ. ‘ಕುಟ್ರೂ ಕುಟ್ರೂ’ ಅಂತ ಬಿಡದೆ ಕೂಗುವುದು ಕುಟ್ರ ಹಕ್ಕಿ, ಎಲೆಯ ಬಣ್ಣವೇ ಅದರ ಬಣ್ಣ. ದಾಸವಾಳದ ಬುಡದಿಂದ ‘ಟುವ್ವಿ ಟುವ್ವಿ’ ಅಂತ ತನ್ನ ಗಾತ್ರಕ್ಕೆ ಮೀರಿದ ಜೋರು ದನಿ ಬಂದರೆ ಸಿಂಪಿಗ. ನೆತ್ತಿಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು ಇಟ್ಟುಕೊಂಡು ಮಾತಾಡಿದ ಹಾಗೆ ಉಲಿಯುವುದು ಕೆಮ್ಮೀಸೆ ಪಿಕಳಾರ. ಗುಹೆಯೊಳಗಿಂದ ಬಂದಂಥ ‘ಊಪ್ ಊಪ್ ಊಪ್’ ಕೆಂಬೂತದ್ದು. ಆರೇಳು ಹಕ್ಕಿ ಒಟ್ಟಿಗೆ ಕಿಚಪಿಚ ಜಗಳ ಆಡುತ್ತ ದರಗಿನೊಳಗೆ, ಅಂದರೆ ಉದುರಿದ ಒಣ ಎಲೆಯೊಳಗೆ, ಕೆದಕುತ್ತಿದ್ದರೆ ಹರಟೆಮಲ್ಲ. ಇವಕ್ಕೆ ಮಡಿವಾಳ, ಕಾಜಾಣ, ಸೂರಕ್ಕಿ ಸೇರಿಸಿ. ಈ ಎಂಟು ಪಕ್ಕಾ ಆದಮೇಲೆ ಒಂಬತ್ತನೆಯ ದನಿ ಬಂದಾಗ ಕಿವಿ ತಾನೇ ನಿಮಿರುತ್ತದೆ. ಹೊಸದನ್ನು ಗುರುತಿಸುವ ಗುಟ್ಟು ಹಳೆಯದನ್ನು ಚೆನ್ನಾಗಿ ತಿಳಿದಿರುವುದರಲ್ಲೇ ಇದೆ.

ಮೊದಲ ಮಳೆ ಬಿದ್ದ ಸಂಜೆ

ವರ್ಷವನ್ನು ಜನವರಿಯಿಂದ ಶುರು ಮಾಡಬೇಡಿ, ಮೇ ತಿಂಗಳ ಮೊದಲ ಒಳ್ಳೆಯ ಮಳೆಯಿಂದ ಶುರು ಮಾಡಿ. ಗುಡುಗಿ ಸುರಿದು ನಿಂತ ಸಂಜೆ ನೆಲದ ಬಿರುಕುಗಳನ್ನು ನೋಡುತ್ತಿರಿ. ಗೆದ್ದಲ ಹುತ್ತದ ಬುಡದಲ್ಲಿ, ಕೊಟ್ಟಿಗೆ ಗೋಡೆಯ ಸಂದಿಯಲ್ಲಿ ಒಂದು ತೂತು ತೆರೆದು ರೆಕ್ಕೆ ಇರುವ ಈಸಲು ಹುಳ ಹೊಗೆಯ ಹಾಗೆ ಮೇಲೇಳುತ್ತದೆ. ಅವು ಗೂಡು ಬಿಟ್ಟು ಹೊರಟ ಹೊಸ ರಾಜ ರಾಣಿಯರು. ಸ್ವಲ್ಪ ಹೊತ್ತು ಹಾರಿ, ಕೆಳಗಿಳಿದು, ರೆಕ್ಕೆ ಉದುರಿಸಿ, ಜೋಡಿಯಾಗಿ ಒಂದರ ಹಿಂದೊಂದು ಓಡುತ್ತ ಮಣ್ಣು ಸೇರುತ್ತವೆ. ಸಾವಿರದಲ್ಲಿ ಒಂದೆರಡು ಜೋಡಿಗಾದರೂ ಆ ಭಾಗ್ಯ ಇದೆಯೋ ಇಲ್ಲವೋ, ಯಾಕೆಂದರೆ ಊರಿನ ಹಕ್ಕಿಯೆಲ್ಲ ಅಲ್ಲಿ ಹಾಜರು.

ಇಲ್ಲಿ ಅರ್ಧ ಗಂಟೆ ನಿಂತು ಒಂದೊಂದು ಹಕ್ಕಿಯ ಊಟದ ರೀತಿ ನೋಡಿ. ಕಾಜಾಣ ತಂತಿಯಿಂದ ಹಾರಿ ಗಾಳಿಯಲ್ಲೇ ಕಚ್ಚಿ ಮತ್ತೆ ಅದೇ ತಂತಿಗೆ ಬರುತ್ತದೆ. ಗೊರವಂಕ ತೂತಿನ ಬಾಯಲ್ಲೇ ನಿಂತು ಹೊರಬಂದ ಹಾಗೆ ಹೆಕ್ಕುತ್ತದೆ. ಹದ್ದು ಕಾಲಲ್ಲಿ ಹಿಡಿದು ಹಾರುತ್ತಲೇ ಬಾಯಿಗೆ ಹಾಕಿಕೊಳ್ಳುತ್ತದೆ. ಹಣ್ಣು ತಿನ್ನುವ ಕುಟ್ರ ಕೂಡ ಅವತ್ತು ಹುಳಕ್ಕೆ ಬರುತ್ತದೆ. ಒಂದೇ ಹುಳ, ನಾಲ್ಕು ಬಗೆಯ ಬೇಟೆ. ಒಂದು ಹಕ್ಕಿಯನ್ನು ಇನ್ನೊಂದರಿಂದ ನಡತೆಯಲ್ಲಿ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಅದೇ ವಾರಗಳ ರಾತ್ರಿ ಮಿಂಚುಹುಳ. ಮನೆಯ ದೀಪ ಎಲ್ಲ ಆರಿಸಿ ಅಂಗಳದಲ್ಲಿ ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂರಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಒಂದು ಮರದ ಹುಳಗಳೆಲ್ಲ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದನ್ನು ಮುಂಗಾರಿಗೆ ಮುಂಚಿನ ಈ ದಿನಗಳಲ್ಲೇ ನೋಡಬೇಕು. ಹಾರುತ್ತ ಮಿಂಚುವವು ಹೆಚ್ಚಾಗಿ ಗಂಡು, ಬೆಳಕಿನಲ್ಲೇ ಹೆಣ್ಣನ್ನು ಕರೆಯುತ್ತಿರುತ್ತವೆ. ಅದರ ನಡುವೆ ಟಾರ್ಚ್ ಬಿಟ್ಟರೆ ಆ ಮಾತುಕತೆ ಕಡಿದುಹೋಗುತ್ತದೆ. ನಡೆಯಲು ಬೆಳಕು ಬೇಕಾದರೆ ಟಾರ್ಚಿನ ಬಾಯಿಗೆ ಕೆಂಪು ಕಾಗದ ಕಟ್ಟಿ, ನೆಲಕ್ಕೆ ಹಿಡಿಯಿರಿ. ರಾತ್ರಿಯಿಡೀ ಉರಿಯುವ ಫ್ಲಡ್‌ಲೈಟು ತೋಟದ ಕಡೆಗೆ ಮುಖ ಮಾಡಿದ್ದರೆ ಮೇ, ಜೂನ್ ಎರಡು ತಿಂಗಳಾದರೂ ತಿರುಗಿಸಿಡಿ. ಮಿಂಚುಹುಳದ ಮರಿಹುಳ ದರಗಿನಡಿ ಬಸವನಹುಳುಗಳನ್ನು ತಿಂದು ಬೆಳೆಯುತ್ತದೆ. ತೋಟದಲ್ಲಿ ಬಸವನಹುಳುವಿನ ಕಾಟ ಅನುಭವಿಸಿದವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಆರಿದ್ರಾದಿಂದ ಆಶ್ಲೇಷದವರೆಗೆ

ಜಡಿಮಳೆಯಲ್ಲಿ ಹಿತ್ತಿಲಿಗೆ ಇಳಿಯುವಂತಿಲ್ಲ. ಜಗಲಿಯಲ್ಲೇ ಕೂರುವ ಕಾಲ. ಬೆಳಕು ಹರಿಯುವ ಮೊದಲು ಹಳ್ಳದ ಕಡೆಯಿಂದ ಯಾರೋ ಹುಡುಗ ರಾಗ ಗೊತ್ತಿಲ್ಲದೆ ಸಿಳ್ಳೆ ಹಾಕುತ್ತ ಹೋದ ಹಾಗೆ ಕೇಳಿದರೆ ಅದು ಸಿಳ್ಳಾರ, ಮಲಬಾರ್ ವಿಸ್ಲಿಂಗ್ ಥ್ರಶ್. ಮಳೆಗಾಲವೇ ಅದರ ಸಂಸಾರದ ಕಾಲ, ನೀರು ಧುಮುಕುವ ಕಲ್ಲಿನ ಸಂದಿಯಲ್ಲಿ ಗೂಡು. ಮೈ ಕಡುನೀಲಿ, ಹೆಗಲ ಮೇಲೆ ಹೊಳೆಯುವ ನೀಲಿ ಪಟ್ಟಿ.

ಹುಳದ ಕಡೆಯಿಂದ ಇದು ಪತಂಗಗಳ ಕಾಲ. ಮಳೆ ಬಿಟ್ಟ ರಾತ್ರಿ ಒಂದು ಹಳೆಯ ಬಿಳಿ ಪಂಚೆಯನ್ನು ಜಗಲಿಯ ತಂತಿಗೆ ಹರಡಿ, ಮುಂದೆ ಒಂದು ಬಲ್ಬು ಹಾಕಿ, ಎಂಟರಿಂದ ಹತ್ತರವರೆಗೆ ನೋಡಿ. ಒಣಗಿದ ಎಲೆಯಂತೆ, ಮರದ ತೊಗಟೆಯಂತೆ, ಹಸಿರು ಗಾಜಿನಂತೆ ಇರುವವು ಒಂದೊಂದಾಗಿ ಬಂದು ಕೂರುತ್ತವೆ. ಅದೃಷ್ಟ ಇದ್ದರೆ ಅಂಗೈಗಿಂತ ದೊಡ್ಡ ಅಟ್ಲಾಸ್ ಪತಂಗ. ಅದರ ರೆಕ್ಕೆಯ ತುದಿ ಹಾವಿನ ತಲೆಯ ಹಾಗಿದೆ. ಪತಂಗವಾದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಮರಿಹುಳವಾಗಿದ್ದಾಗ ತಿಂದು ಕೂಡಿಟ್ಟ ಶಕ್ತಿಯಲ್ಲೇ ಒಂದೆರಡು ವಾರ ಬದುಕಿ ಮೊಟ್ಟೆ ಇಟ್ಟು ಹೋಗುತ್ತದೆ. ಹತ್ತು ಗಂಟೆಗೆ ದೀಪ ಆರಿಸಿ ಪಂಚೆಯನ್ನು ಮೆಲ್ಲಗೆ ಕೊಡವಿ ಬಿಡುವುದು ಕಡ್ಡಾಯ. ಬೆಳಗಿನವರೆಗೆ ಬಿಟ್ಟರೆ ಮಡಿವಾಳಕ್ಕೆ ಎರಡೇ ದಿನದಲ್ಲಿ ಆ ಜಾಗ ಗೊತ್ತಾಗಿ ಎಲ್ಲವನ್ನೂ ಆರಿಸಿ ತಿನ್ನುತ್ತದೆ.

ಒಂದು ದಿನ ಮನೆಯಿಂದ ಹೊರಡುವುದಾದರೆ ಈ ಕಾಲದಲ್ಲಿ ಮಂಡಗದ್ದೆಗೆ ಹೋಗಿ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ, ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್. ತುಂಬಿ ಹರಿಯುವ ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿರುತ್ತವೆ. ದಡದಿಂದಲೇ ನೋಡಬಹುದು. ಸೊರಬದ ಕಡೆಯವರಿಗೆ ಗುಡವಿ ಪಕ್ಷಿಧಾಮ ಹತ್ತಿರ.

ಕರಿಬೇವಿನ ಗಿಡದಲ್ಲಿ ಒಂದು ತಿಂಗಳು

ಮಘೆ, ಹುಬ್ಬೆ ಮಳೆ ಹೊತ್ತಿಗೆ ನಡುನಡುವೆ ಬಿಸಿಲು ಬೀಳಲು ಶುರುವಾಗುತ್ತದೆ. ಆಗ ಕರಿಬೇವಿನ ಗಿಡದ ಮುಂದೆ ಕೂರಿ. ಈ ಬರಹದಲ್ಲಿ ಒಂದೇ ಒಂದನ್ನು ಮಾಡುತ್ತೀರಿ ಅಂತಾದರೆ ಇದನ್ನೇ ಮಾಡಿ.

ಕಪ್ಪು ಚಿಟ್ಟೆಯೊಂದು ಗಿಡದ ಸುತ್ತ ಕೂರದೆ ಪಟಪಟ ಸುತ್ತುತ್ತಿದ್ದರೆ ಅದು ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಹೆಣ್ಣು. ಎಳೆ ಎಲೆಯನ್ನು ಕಾಲಿನಿಂದ ಮುಟ್ಟಿ ನೋಡಿ ಒಂದು ಮೊಟ್ಟೆ ಇಟ್ಟು ಮುಂದೆ ಹೋಗುತ್ತದೆ. ಸಾಸಿವೆ ಕಾಳಿನಷ್ಟು, ತಿಳಿಹಳದಿ. ಕೆಲವೇ ದಿನದಲ್ಲಿ ಒಡೆದು ಬರುವ ಮರಿ ಕಂದು ಬಿಳುಪು ಕಲೆಸಿದ ಬಣ್ಣದ್ದು. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡರೆ ಒರೆಸಲು ಹೋಗಬೇಡಿ, ಅದೇ ಅದು. ಹಕ್ಕಿಯ ಬಾಯಿಂದ ಉಳಿಯಲು ಹಕ್ಕಿಯ ಹಿಕ್ಕೆಯ ವೇಷ! ನಾಲ್ಕು ಸಲ ಪೊರೆ ಕಳಚುವ ಹೊತ್ತಿಗೆ ಒಮ್ಮೆಗೇ ಹಸಿರಾಗಿ, ಕರಿಬೇವಿನ ಕಡ್ಡಿಯ ಜೊತೆ ಒಂದಾಗಿಬಿಡುತ್ತದೆ. ಈಗ ಹತ್ತಿರದಿಂದ ನೋಡಿ. ಹೆಗಲ ಮೇಲೆ ಎರಡು ದೊಡ್ಡ ‘ಕಣ್ಣು’ ಕಾಣುತ್ತದಲ್ಲ, ಅದು ಕಣ್ಣೇ ಅಲ್ಲ, ಬಣ್ಣದ ಮಚ್ಚೆ. ನಿಜವಾದ ತಲೆ ಅದರ ಕೆಳಗೆ ಮಡಚಿಕೊಂಡಿರುತ್ತದೆ. ಒಂದು ಒಣ ಕಡ್ಡಿಯಿಂದ ಬೆನ್ನನ್ನು ಮೆಲ್ಲಗೆ, ಒಂದೇ ಸಲ ಮುಟ್ಟಿ. ಕುತ್ತಿಗೆ ಎತ್ತಿ, ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಹೊರಗೆ ಚಾಚುತ್ತದೆ, ಥೇಟ್ ಹಾವಿನ ನಾಲಿಗೆ. ಕೊಳೆತ ಲಿಂಬೆಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ಎರಡು ಕ್ಷಣದಲ್ಲಿ ಕೊಂಬು ಒಳಗೆ. ನಮ್ಮ ಮಗ ನಾಲ್ಕು ವರ್ಷದವನಿದ್ದಾಗ ಇದನ್ನು ನೋಡಿ ನನ್ನ ಸೆರಗಿನ ಹಿಂದೆ ಅಡಗಿದ್ದ, ಆಮೇಲೆ ಅಲ್ಲಿಂದ ಅವನನ್ನು ಎಬ್ಬಿಸಲು ಆಗಲಿಲ್ಲ.

ಅಮ್ಮನಿಗೆ ಮಾತ್ರ ಸಿಟ್ಟು. “ಗಿಡ ಪೂರ್ತಿ ಬೋಳು ಮಾಡಿ ಇಟ್ಟಾವಲ್ಲ ಮಾರಾಯ್ತಿ, ನಾಳೆ ಒಗ್ಗರಣೆಗೆ ಏನು ಹಾಕೋದು?” ಅವಳ ಮಾತೂ ಸರಿ. ಚಿಕ್ಕ ಗಿಡವಾದರೆ ಹತ್ತು ಹುಳ ಸಾಕು. ಕರಿಬೇವಿನ ಬೇರಿನಿಂದ ಮರಿ ಸಸಿ ಏಳುತ್ತದೆ, ಅದನ್ನೇ ಕಿತ್ತು ಬಾವಿಯಾಚೆ ಇನ್ನೊಂದು ಗಿಡ ಮಾಡಿದೆ. ಈಗ ಒಂದು ಅಡುಗೆಗೆ, ಒಂದು ಹುಳಕ್ಕೆ. ಅಡುಗೆ ಗಿಡದಲ್ಲಿ ಸಿಕ್ಕಿದ ಹುಳವನ್ನು ಅಮ್ಮನೇ ಎಲೆ ಸಮೇತ ಚಿವುಟಿ ಅಲ್ಲಿಗೆ ಸಾಗಿಸುತ್ತಾಳೆ. ಔಷಧ ಹೊಡೆದ ಗಿಡಕ್ಕೆ ಮಾತ್ರ ಬಿಡಬೇಡಿ.

ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು. ಹುಳ ತಿನ್ನುವುದು ನಿಲ್ಲಿಸಿ ಕಡ್ಡಿಗೆ ದಾರ ಕಟ್ಟಿಕೊಂಡು ಕೋಶವಾದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ, ಸುಮಾರು ಹತ್ತು–ಹನ್ನೆರಡು ದಿನ ಆದಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಹೋಗಿ ನೋಡಿ. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯ ಹಾಗೆ ಮುದ್ದೆಯಾಗಿರುತ್ತದೆ, ನೋಡುತ್ತಿದ್ದಂತೆ ಬಿಚ್ಚಿಕೊಳ್ಳುತ್ತದೆ. ಹೆಣ್ಣಾದರೆ ಹಿಂದಿನ ರೆಕ್ಕೆಯಲ್ಲಿ ಬಿಳಿ, ಕೆಂಪು ಗುರುತು ಇರಬಹುದು. ಅದು ಕಾಮನ್ ರೋಸ್ ಎಂಬ ಬೇರೆ ಚಿಟ್ಟೆಯ ನಕಲು. ರೋಸ್ ಚಿಟ್ಟೆ ಮರಿಯಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ಕೂಡಿಸಿಕೊಂಡಿರುತ್ತದೆ, ಹಕ್ಕಿಗಳು ಮುಟ್ಟುವುದಿಲ್ಲ. ಮಾರ್ಮನ್‌ಗೆ ವಿಷವಿಲ್ಲ, ವೇಷ ಮಾತ್ರ. ಗುರುತಿಸುವ ಬಗೆ ಸುಲಭ: ಮೈ ಕೆಂಪಾಗಿದ್ದರೆ ರೋಸ್, ಕಪ್ಪಾಗಿದ್ದರೆ ಮಾರ್ಮನ್.

ಅದೇ ಈಶ್ವರಿ ಬಳ್ಳಿಯನ್ನು ಬೇಲಿಗೆ ಹಬ್ಬಿಸಿದರೆ ಕರ್ನಾಟಕದ ನಾಡಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಮೊಟ್ಟೆ ಇಡಲು ಬರಬಹುದು. ದೇಶದ ಅತಿ ದೊಡ್ಡ ಚಿಟ್ಟೆಗಳಲ್ಲಿ ಒಂದು, ಕಪ್ಪು ರೆಕ್ಕೆ, ಹೊಳೆಯುವ ಹಳದಿ, ಎದೆಯ ಬಳಿ ಕೆಂಪು. ಕೇಪಳದ ಹೂವಿಗೆ ಬಂದಾಗ ಚಿಕ್ಕ ಹಕ್ಕಿ ಬಂತೆಂದೇ ಅನ್ನಿಸುತ್ತದೆ. ಬೇಲಿ ಸವರುವಾಗ ಈ ಬಳ್ಳಿಯನ್ನೂ ಎಕ್ಕದ ಗಿಡವನ್ನೂ ಉಳಿಸಿ, ಎಕ್ಕದಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಪಟ್ಟೆಪಟ್ಟೆ ಮರಿಗಳು ಸಿಗುತ್ತವೆ.

ನವರಾತ್ರಿಯ ನೆಂಟರು

ಸೆಪ್ಟೆಂಬರಿನಲ್ಲಿ ಬಾವಿಕಟ್ಟೆಯ ಹತ್ತಿರ ಬಾಲ ಕುಣಿಸುತ್ತ ಬೂದು ಸಿಪಿಲೆ ಬಂತೆಂದರೆ ಚಳಿಗಾಲದ ನೆಂಟರು ಶುರು ಅಂತ ಅರ್ಥ. ಹಿಮಾಲಯದ ಕಡೆಯಿಂದ ಬಂದ ಅಷ್ಟು ಚಿಕ್ಕ ಜೀವ ನಮ್ಮ ಬಚ್ಚಲ ಕಾಲುವೆಯ ಸೊಳ್ಳೆಮರಿ ಹೆಕ್ಕುತ್ತ ಓಡಾಡುವುದನ್ನು ಪ್ರತಿ ವರ್ಷವೂ ನಾನು ಕೆಲಸ ನಿಲ್ಲಿಸಿ ನೋಡುತ್ತೇನೆ.

ಗದ್ದೆ, ಬಯಲಿನ ಮೇಲೆ ಈಗ ಹಳದಿ ಕಂದು ಬಣ್ಣದ ಏರೋಪ್ಲೇನ್ ಚಿಟ್ಟೆಗಳು (ಡ್ರ್ಯಾಗನ್‌ಫ್ಲೈ) ಗುಂಪುಗುಂಪಾಗಿ ತೇಲುತ್ತವೆ, ಕೂರುವುದೇ ಕಮ್ಮಿ. ಇವು ಗಾಳಿಯ ಜೊತೆ ಮಾಲ್ಡೀವ್ಸ್ ಹಾದು, ಹಿಂದೂ ಮಹಾಸಾಗರ ದಾಟಿ ಆಫ್ರಿಕಾ ಮುಟ್ಟುವ ಜಾತಿಯವು ಅಂತ ಚಾರ್ಲ್ಸ್ ಆ್ಯಂಡರ್ಸನ್ ಎಂಬ ವಿಜ್ಞಾನಿ 2009ರಲ್ಲಿ ಬರೆದರು. ಮುಂಗಾರಿಗೆ ಮುಂಚೆ ಘಟ್ಟದಿಂದ ಪೂರ್ವದ ಬಯಲುಸೀಮೆಗೆ ಹೋದ ಬ್ಲೂ ಟೈಗರ್ ಚಿಟ್ಟೆಗಳೂ ಅಕ್ಟೋಬರ್, ನವೆಂಬರಿನಲ್ಲಿ ವಾಪಸು ಬರುತ್ತವೆ. ಗಿಲಿಕೆ ಗಿಡ ಒಂದು ಇದ್ದರೆ ಅದರ ಒಣಗಿದ ಕೊಂಬೆಗೆ ಮುತ್ತಿಕೊಳ್ಳುತ್ತವೆ.

ಈ ತಿಂಗಳ ದೊಡ್ಡ ನೆಂಟ ನವರಂಗ. ಮಧ್ಯ ಭಾರತ, ಹಿಮಾಲಯದ ತಪ್ಪಲಲ್ಲಿ ಮರಿ ಮಾಡಿ, ರಾತ್ರಿ ಹಾರಿ ನಮ್ಮಲ್ಲಿಗೆ ಬರುವ ಹಕ್ಕಿ. ಬಣ್ಣ ಎಷ್ಟು ಅಂತ ಹೆಸರೇ ಹೇಳುತ್ತದೆ. ಹಾಗಿದ್ದೂ ಕಾಣುವುದು ಕಷ್ಟ, ಇಡೀ ದಿನ ತೋಟದ ನೆರಳಲ್ಲಿ ದರಗು ತಿರುವಿ ಹುಳ ಹುಡುಕುತ್ತಿರುತ್ತದೆ. ಬೆಳಗು ಹರಿಯುವಾಗ, ಸಂಜೆ ಕಪ್ಪಾಗುವಾಗ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಆ ಸಿಳ್ಳೆ ಬಂದ ಕಡೆ ನೋಡಿಕೊಂಡು, ಮರುದಿನ ಅದಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ ಕೂರಿ.

ದಣಿದು ಬಂದ ನವರಂಗ ದೀಪಕ್ಕೆ ಕಣ್ಣು ಕುಕ್ಕಿ ಮನೆಯೊಳಗೆ ನುಗ್ಗುವುದು, ಕಿಟಕಿ ಗಾಜಿಗೆ ಬಡಿಯುವುದು ಇದೆ. ಹಾಗಾದರೆ ಮಾಡಬೇಕಾದ್ದು ಹೀಗೆ. ಒಂದು ಬಟ್ಟೆ ಹಾಕಿ ಮೆಲ್ಲಗೆ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿ. ಪೆಟ್ಟಿಗೆ ಕತ್ತಲಿರುವ, ಬೆಕ್ಕು ಬಾರದ ಕೋಣೆಯಲ್ಲಿರಲಿ. ಬಾಯಿಗೆ ನೀರು ಹುಯ್ಯಬೇಡಿ, ಅನ್ನ ತುರುಕಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಪದೇ ಪದೇ ತೆಗೆದು ನೋಡಬೇಡಿ, ಹೆದರಿಕೆಗೇ ಪ್ರಾಣ ಹೋಗುತ್ತದೆ. ಒಂದೆರಡು ಗಂಟೆ ಆದಮೇಲೆ ಚುರುಕಾಗಿ ನಿಂತರೆ ಪೊದೆಯ ಹತ್ತಿರ ಪೆಟ್ಟಿಗೆ ಇಟ್ಟು ಬಾಯಿ ತೆರೆದು ಹಿಂದೆ ಸರಿಯಿರಿ. ರಾತ್ರಿ ಸಿಕ್ಕಿದ್ದಾದರೆ ಬೆಳಗಿನವರೆಗೆ ಪೆಟ್ಟಿಗೆಯಲ್ಲೇ ಇರಲಿ. ರೆಕ್ಕೆ ಮುರಿದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಇಬ್ಬನಿಯ ಕಾಲ, ಉಣುಗಿನ ಕಾಲ

ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಮಂಜು ಬೇರೆ. ಎಂಟೂವರೆಗೆ ಬಿಸಿಲು ಬಿದ್ದ ಮೇಲೆ ಕೂತರೆ ಸಾಕು. ನಿಂಬೆ ಗಿಡದಿಂದ ದಿನಾ ಒಂದೇ ‘ಚಿವೀ’ ಕೇಳುತ್ತಿದ್ದರೆ ಅದು ಗ್ರೀನಿಶ್ ವಾರ್ಬ್ಲರ್, ಚಳಿಗಾಲವಿಡೀ ಅಲ್ಲೇ ಜಾಗ ಹಿಡಿದು ಎಲೆಯಡಿಯ ಹುಳ ಹೆಕ್ಕುತ್ತದೆ. ಉದ್ದ ಬಾಲದ ರಾಜಹಕ್ಕಿ, ಹೊನ್ನಕ್ಕಿ ಈಗ ಬರುತ್ತವೆ. ಕಾಳುಮೆಣಸು ಹಬ್ಬಿಸಿದ ಹಾಲವಾಣ ಕೆಂಪು ಹೂ ಬಿಟ್ಟಾಗ ಅದೊಂದೇ ಮರದ ಕೆಳಗೆ ಒಂದು ಬೆಳಗು ಕಳೆಯಿರಿ, ಬೇರೆ ಎಲ್ಲೂ ಹೋಗಬೇಕಿಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ, ಭಾರತದಲ್ಲಿ 2013ರಿಂದ. ಕನಿಷ್ಠ ಹದಿನೈದು ನಿಮಿಷ ಎಣಿಸಿ, ಹಕ್ಕಿ ಪಟ್ಟಿಗಳನ್ನು ಕೂಡಿಡುವ ಇಬರ್ಡ್ ಎಂಬ ಜಾಲತಾಣಕ್ಕೆ ಹಾಕಿದರೆ ನಿಮ್ಮ ಹಿತ್ತಿಲೂ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದೂ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಈ ದಿನಗಳಲ್ಲಿ ಹಕ್ಕಿಯ ಆಸೆಗೆ ಸೊಪ್ಪಿನ ಬೆಟ್ಟಕ್ಕೆ ನುಗ್ಗಬೇಡಿ, ದರಗಿನ ಮೇಲೆ ಕೂರಬೇಡಿ. ಹೋಗಲೇಬೇಕಾದರೆ ಮೈ ತುಂಬ ಬಟ್ಟೆ, ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದಮೇಲೆ ಜ್ವರ ಬಂದರೆ ಕಷಾಯ ಕುಡಿದು ಮಲಗಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಅಂಗಳದಲ್ಲೇ ಕೂತು ನೋಡಿ ಅಂತ ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಒಂದು ಕಾರಣ.

ಅಂಗಳದಲ್ಲಿ ಕೂತವರಿಗೆ ಕುಂಬಾರ ಹುಳ ಇದೆ. ಬಾಗಿಲ ಚೌಕಟ್ಟು, ಕಿಟಕಿ ಮೂಲೆ ನೋಡಿ. ಸೊಂಟ ಸಣ್ಣಗಿರುವ ಕಣಜ ಹಸಿಮಣ್ಣಿನ ಉಂಡೆ ಹೊತ್ತು ತಂದು ತಟ್ಟಿ ತಟ್ಟಿ ಪುಟ್ಟ ಮಡಕೆ ಮಾಡುತ್ತದೆ, ಬಾಯಿಗೆ ಅಂಚು ಸಮೇತ. ಒಳಗೆ ಒಂದು ಮೊಟ್ಟೆಯನ್ನು ನೂಲಿನಲ್ಲಿ ನೇತುಹಾಕಿ, ಕುಟುಕಿ ಅಲುಗದಂತೆ ಮಾಡಿದ ಹಸಿರು ಹುಳಗಳನ್ನು ತುಂಬಿ, ಬಾಯಿ ಮುಚ್ಚಿ ಹೋಗುತ್ತದೆ. ಮರಿಗೆ ಕೆಡದ ಬುತ್ತಿ. ಗೋಡೆ ಗಲೀಜಾಯಿತು ಅಂತ ಕೆರೆದು ಹಾಕುವ ಮೊದಲು ಒಮ್ಮೆ ಮಡಕೆಯಲ್ಲಿ ತೂತಿದೆಯಾ ನೋಡಿ. ತೂತಿದ್ದರೆ ಮರಿ ಹಾರಿಹೋಗಿದೆ, ಕೆರೆಯಬಹುದು.

ಬೇಸಿಗೆ, ಗೊಬ್ಬರ ಹೊರುವ ದಿನ

ಮಾರ್ಚ್ ಬಂದರೆ ಮಡಿವಾಳದ ಹಾಡು, ಅಡಿಕೆ ಮರದ ತುದಿಯಲ್ಲೋ ಮಾಡಿನ ಏಣಿನಲ್ಲೋ ಕೂತು. ಏಪ್ರಿಲ್‌ಗೆ ಜೀರುಂಡೆ. ಮರದ ಕಾಂಡದಲ್ಲಿ ಬೆನ್ನು ಸೀಳಿದ ಕಂದು ಪೊರೆ ಅಂಟಿಕೊಂಡಿದ್ದರೆ ಮೆಲ್ಲಗೆ ಬಿಡಿಸಿ ಮಕ್ಕಳ ಕೈಗೆ ಕೊಡಿ, ನೆಲದಡಿ ಬೇರಿನ ರಸ ಕುಡಿದು ಬೆಳೆದ ಜೀರುಂಡೆ ಅಲ್ಲಿ ಅಂಗಿ ಬಿಚ್ಚಿಟ್ಟು ಹೋಗಿದೆ.

ತೋಟಕ್ಕೆ ಗೊಬ್ಬರ ಹೊರುವ ದಿನವನ್ನು ತಪ್ಪಿಸಿಕೊಳ್ಳಬೇಡಿ. ಗುಂಡಿ ಅಗೆದ ಹಾಗೆ ಹೆಬ್ಬೆರಳ ಗಾತ್ರದ ಬಿಳಿ ಗೊಣ್ಣೆಹುಳಗಳು ಹೊರಬೀಳುತ್ತವೆ. ಗೊರವಂಕ, ಕಾಜಾಣ, ಮಡಿವಾಳ, ಬಿಳಿ ಎದೆಯ ಮಿಂಚುಳ್ಳಿ ಎಲ್ಲ ಗುದ್ದಲಿಯ ಅಂಚಿಗೇ ಬರುತ್ತವೆ, ಮನುಷ್ಯರ ಹೆದರಿಕೆ ಅವತ್ತು ಇಲ್ಲ. ಕೆಲಸಕ್ಕೆ ಬರುವ ಅಕ್ಕ ಒಂದೊಂದು ಹುಳವನ್ನು ಪಕ್ಕಕ್ಕೆ ಎಸೆದು “ತಗಾ” ಅನ್ನುತ್ತಾಳೆ. ಅವುಗಳಲ್ಲಿ ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಗಳೂ ಇರುತ್ತವೆ, ಹಕ್ಕಿ ತಿಂದಷ್ಟೂ ತೆಂಗಿಗೆ ಒಳ್ಳೆಯದು.

ನೀರಿಡುವುದಾದರೆ ಅಗಲ ಮಣ್ಣಿನ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಕಲ್ಲು. ನೆರಳಿರಲಿ, ಆದರೆ ಬೆಕ್ಕು ಅಡಗಿ ಹಾರದಷ್ಟು ದೂರ, ಪೊದೆಯಿಂದ ಐದಾರು ಅಡಿ. ಎರಡು ದಿನಕ್ಕೊಮ್ಮೆ ಚೆಲ್ಲಿ ತೊಳೆಯದಿದ್ದರೆ ಸೊಳ್ಳೆ ಸಾಕಿದಂತೆ. ಬಚ್ಚಲ ಕಾಲುವೆಯ ಒದ್ದೆ ಮಣ್ಣಿಗೆ ಚಿಟ್ಟೆಗಳು ಸಾಲಾಗಿ ಕೂತು ಉಪ್ಪಿನಂಶ ಹೀರುತ್ತವೆ, ಅದನ್ನು ಸಿಮೆಂಟ್ ಹಾಕಿ ಮುಚ್ಚಬೇಡಿ.

ಗೂಡಿನ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಕ್ರೋಟನ್ ಗಿಡದಲ್ಲಿ ಪಿಕಳಾರ ಕಟ್ಟಿದ್ದ ಬಟ್ಟಲಿನಂಥ ಗೂಡು, ಮೂರು ಮೊಟ್ಟೆ, ನಸುಗೆಂಪು ಚುಕ್ಕೆಯವು. ಸಂತೋಷ ತಡೆಯದೆ ಬೆಳಿಗ್ಗೆ ಸಂಜೆ ಹೋಗಿ ಎಲೆ ಸರಿಸಿ ಫೋಟೋ ತೆಗೆದೆ. ಐದನೆಯ ದಿನ ಗೂಡು ಖಾಲಿ, ಕೆಂಬೂತವೊಂದು ಅದೇ ಗಿಡದಿಂದ ಇಳಿದು ಹೋಗುತ್ತಿತ್ತು. ಪಿಕಳಾರ ಮುಚ್ಚಿಟ್ಟುಕೊಂಡ ಎಲೆಯನ್ನು ಸರಿಸಿ ದಾರಿ ತೋರಿಸಿದವಳು ನಾನು. ಆ ಜೋಡಿ ಎರಡು ದಿನ ಗಿಡದ ಸುತ್ತ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಅಲ್ಲಿಂದ ನಮ್ಮ ಮನೆಯಲ್ಲಿ ನಿಯಮ ಇಷ್ಟು: ಗೂಡು ಕಂಡರೆ ಇಪ್ಪತ್ತು ಅಡಿ ದೂರದಿಂದ, ಒಂದೇ ಜಾಗದಿಂದ ನೋಡುವುದು, ಎಲೆ ಕೊಂಬೆ ಮುಟ್ಟುವುದಿಲ್ಲ, ಹತ್ತಿರ ಹೋಗಿ ಫೋಟೋ ಇಲ್ಲ. ಕಾವಿಗೆ ಹನ್ನೆರಡು ದಿನ, ಮರಿ ಹಾರಲು ಹೆಚ್ಚುಕಮ್ಮಿ ಮತ್ತೆ ಅಷ್ಟೇ ದಿನ. ಅಷ್ಟು ದಿನ ಆ ಕಡೆ ಗಿಡ ಸವರುವುದಿಲ್ಲ, ಬಟ್ಟೆ ಒಣಗಿಸುವ ಹಗ್ಗವನ್ನೂ ಈಚೆ ಕಟ್ಟುತ್ತೇವೆ.

ಹಿತ್ತಿಲಿನ ಒಂದು ಮೂಲೆಯನ್ನು ಗುಡಿಸದೆ ದರಗು ಬಿಡಿ, ಒಣಗಿ ನಿಂತ ಒಂದು ಮರವನ್ನು ಮನೆ ಮೇಲೆ ಬೀಳದ ಹಾಗಿದ್ದರೆ ಕಡಿಯಬೇಡಿ. ಕುಟ್ರ, ಮರಕುಟಿಗ ತೂತು ಕೊರೆಯುವುದು ಒಣಮರದಲ್ಲೇ. ನಮ್ಮಲ್ಲಿ ಹಾಗೆ ಬಿಟ್ಟ ಹಾಲವಾಣದ ಮೋಟಿನಲ್ಲಿ ಮೊದಲು ಕುಟ್ರ ಇತ್ತು, ಅದು ಬಿಟ್ಟ ತೂತಿಗೆ ಆಮೇಲೆ ಮಡಿವಾಳ ಬಂತು.

ಎರಡನೆಯ ಕ್ಯಾಲೆಂಡರ್

ಡಿಸೆಂಬರ್ ಮುಗಿದಾಗ ಹಳೆಯ ಕ್ಯಾಲೆಂಡರನ್ನು ಒಲೆಗೆ ಹಾಕಬೇಡಿ, ಹೊಸದರ ಹಿಂದೆ ಅದೇ ಮೊಳೆಗೆ ನೇತುಹಾಕಿ. ಎರಡನೆಯ ವರ್ಷ ಒಂದು ಸಾಲು ಬರೆಯುವಾಗ ಹಿಂದಿನ ಹಾಳೆ ಎತ್ತಿ ಅದೇ ವಾರ ಏನಿತ್ತು ನೋಡಿ. ಕಳೆದ ಸಲ ಈಸಲು ಹುಳ ಎದ್ದದ್ದು ರೋಹಿಣಿಗೋ ಮೃಗಶಿರಕ್ಕೋ, ಸಿಪಿಲೆ ಬಾವಿಕಟ್ಟೆಗೆ ಬಂದದ್ದು ಗಣಪತಿ ಹಬ್ಬಕ್ಕೆ ಮುಂಚೆಯೋ ಆಮೇಲೋ. ನಮ್ಮ ಮೊಳೆಯಲ್ಲಿ ಈಗ ಆರು ಕ್ಯಾಲೆಂಡರ್ ಇವೆ. ಮೊನ್ನೆ ಅಮ್ಮ ಅಕ್ಟೋಬರ್ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಳು. “ನಿನ್ನ ನವರಂಗ ಇನ್ನೂ ಕೂಗಲಿಲ್ಲವಲ್ಲ, ಬರೋ ಹೊತ್ತಾಯ್ತು” ಅಂದಳು, ಹಿತ್ತಿಲ ದೀಪ ಆರಿಸುತ್ತ.